ಶಟರ್ ಎಳೆದು ಬರ್ತಾರೆ

“ಅತ್ತೆ, ಇನ್ನೊಂದೇ ಒಂದು ಸಲ... ಮುಖ ಸ್ವಲ್ಪ ಕಿಟಕಿ ಕಡೆ ತಿರುಗಿಸಿ!”

ಹೊಲಿದ ಯೂನಿಫಾರ್ಮುಗಳ ಗಂಟು ಹಿಡಿದು ತವರಿನ ಹೊಸ್ತಿಲು ದಾಟುತ್ತಿದ್ದ ಮಗಳು ಅಲ್ಲೇ ನಿಂತಳು. ನಡುಮನೆಯ ಸ್ಟೂಲಿನ ಮೇಲೆ ಅಮ್ಮ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಫೋನು, ಅದರ ಹಿಂದೆ ತುಟಿಗೆ ಬಣ್ಣ ತೀಡಿಕೊಂಡ ಅತ್ತಿಗೆ.

ಅಮ್ಮನಿಗೆ ಮರೆವಿನ ಕಾಯಿಲೆ. ಅಪ್ಪ ತೀರಿಕೊಂಡದ್ದು ಅವಳ ತಲೆಯಲ್ಲಿ ನಿಲ್ಲುವುದಿಲ್ಲ. ಮೊದಮೊದಲು ನಿಜ ಹೇಳಿದಾಗಲೆಲ್ಲ ಆಗಷ್ಟೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅಳುತ್ತಿದ್ದಳು. ನೋಡಲಾರದೆ ಅಣ್ಣ ಒಂದು ಸುಳ್ಳು ಹೇಳಿಕೊಟ್ಟ, ಅಣ್ಣ ತಂಗಿ ಇಬ್ಬರೂ ಅದನ್ನೇ ಗೊತ್ತುಮಾಡಿಕೊಂಡರು. ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ಅಮ್ಮ ಯಾವಾಗ ಕೇಳಿದರೂ “ಶಟರ್ ಎಳೆದು ಬರ್ತಾರೆ” ಅನ್ನುವುದು, ಅಷ್ಟೇ. “ಆ ಮನುಷ್ಯಂದು ಯಾವಾಗ್ಲೂ ತಡಾನೇ” ಎಂದು ಗೊಣಗಿ ಅಮ್ಮ ಸುಮ್ಮನಾಗುತ್ತಿದ್ದಳು. ಆ ಗೊಣಗಾಟದಲ್ಲಿ ಎಂಥ ನೆಮ್ಮದಿಯಿತ್ತು!

“ನಮ್ಮನೆಯವರು ಎಲ್ಲಿ?” ಅಮ್ಮ ಕೇಳಿದಳು.

ಅತ್ತಿಗೆ ಫೋನು ಒತ್ತಿ, ಓಡಿಬಂದು ಅಮ್ಮನ ಕಾಲ ಬಳಿ ಕುಳಿತಳು. ಆ ಫೋನಿನ ಮುಂದೆ ಮಾತ್ರ ಅತ್ತೆ ಅವಳಿಗೆ ಅಮ್ಮ. “ಅಮ್ಮಾ... ಅವರು ಸತ್ತು ಹೋದ್ರಲ್ಲಮ್ಮಾ! ಅಳ್ಬೇಡಿ... ನಿಮಗೆ ನಾನಿದೀನಿ!”

ಅಮ್ಮನ ಬಾಯಿ ತೆರೆಯಿತು, ಸದ್ದು ಹೊರಡಲಿಲ್ಲ. ಆಮೇಲೆ ಎದೆ ಬಡಿದುಕೊಂಡು ಅಳತೊಡಗಿದಳು. ಅತ್ತಿಗೆ ಒಣ ಕಣ್ಣು ಒರೆಸಿಕೊಳ್ಳುತ್ತ, ಓರೆಗಣ್ಣಿನಲ್ಲಿ ಫೋನಿನೊಳಗಿನ ತನ್ನ ಕೂದಲು ನೋಡಿಕೊಂಡಳು. “ಸೂಪರ್! ಈ ಸಲ ಬೆಳಕು ಸರಿಯಾಗಿ ಬಿತ್ತು.”

ಮಗಳ ಕೈಯಿಂದ ಗಂಟು ಕೆಳಗೆ ಬಿತ್ತು.

“ಥೂ! ಎಷ್ಟು ಸಲ ಕೊಂದೆ ನಮ್ಮಪ್ಪನ್ನ?”

“ಏನು ಅಂತ ಮಾತಾಡ್ತೀಯ? ನನ್ನ ವೀಡಿಯೊ ನೋಡಿ ‘ಇಂಥ ಸೊಸೆ ಎಲ್ಲರಿಗೂ ಸಿಗಲಿ’ ಅಂತ ಊರೆಲ್ಲ ಹೊಗಳ್ತಿದೆ. ನಿನಗೆ ಹೊಟ್ಟೆಕಿಚ್ಚು!”

ಒಳಗಿನಿಂದ ಅಣ್ಣ ಬಂದ. ಕೈಯಲ್ಲಿ ಅವನದೂ ಒಂದು ಫೋನು. ಅಪರಿಚಿತರು ಕಳಿಸಿದ ಅಳುಮುಖಗಳನ್ನೂ ಕೆಂಪು ಹೃದಯಗಳನ್ನೂ ಬೆರಳಲ್ಲಿ ಸರಿಸುತ್ತಲೇ ಇದ್ದ.

“ಅಣ್ಣಾ, ನೀನೇ ಅಲ್ವಾ ಆ ಸುಳ್ಳು ಹೇಳಿಕೊಟ್ಟಿದ್ದು? ಅಮ್ಮ ಅಳೋದು ನಿನ್ನ ಕೈಲಿ ನೋಡಕ್ಕಾಗ್ತಿರಲಿಲ್ಲ...”

ಅವನು ತಲೆ ಎತ್ತಲಿಲ್ಲ. “ಅತ್ತರೆ ಏನಾಯ್ತೀಗ? ಹೇಗಿದ್ರೂ ಅವಳಿಗೆ ಮರ್ತೋಗುತ್ತಲ್ಲ.”

ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ! ಅವನ ಮುಖ ನೋಡಲು ಅವಳಿಗೆ ಹೇಸಿಗೆಯಾಯಿತು. ಅಮ್ಮನ ಚಪ್ಪಲಿ ಹುಡುಕಿ ಕಾಲಿಗೆ ತೊಡಿಸಿ, ಕೈಹಿಡಿದು ಹೊರಟಳು. “ನಾಳೆ ವೀಡಿಯೊ ಏನ್ ಹಾಕೋದು?” ಎಂದು ಅತ್ತಿಗೆ ಹಿಂದಿನಿಂದ ಕೂಗುತ್ತಿದ್ದಳು.

ಮಗಳ ಹೊಲಿಗೆ ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ ಅಮ್ಮ ಬಿಸಿ ಹಾಲು ಕುಡಿದಳು, ಬಟ್ಟೆಯ ಚೂರುಗಳನ್ನು ಬಣ್ಣ ನೋಡಿ ಜೋಡಿಸಿದಳು. ಸದ್ಯ, ಎಲ್ಲ ಮರೆತಿದ್ದಾಳೆ ಎಂದು ಮಗಳು ನಿಟ್ಟುಸಿರುಬಿಟ್ಟಳು. ಯಾರೋ ಗಿರಾಕಿ ಅಳತೆ ಕಳಿಸಿದ್ದರು. ಓದಲು ಫೋನು ಎತ್ತಿದಳು.

ಅಮ್ಮ ಥಟ್ಟನೆ ನೆಟ್ಟಗೆ ಕುಳಿತಳು. ಕೂದಲು ಸವರಿಕೊಂಡಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

“ಈಗ ಅಳ್ಬೇಕಾ?”

ಮಗಳು ಫೋನು ಮಡಿಲಿಗೆ ಇಳಿಸಿದಳು. “ಬೇಡಮ್ಮ... ಯಾಕಳ್ತೀಯ? ಅಪ್ಪ ಶಟರ್ ಎಳೆದು ಬರ್ತಾರೆ.”

ಅಮ್ಮ ಗೊಣಗಲಿಲ್ಲ. ಫೋನಿನಿಂದ ಕಣ್ಣು ಕೀಳದೆ, ಪಾಠ ಒಪ್ಪಿಸುವ ಮಗುವಿನಂತೆ ತಲೆಯಾಡಿಸಿದಳು. “ಇಲ್ಲ. ಅವರು ಸತ್ತು ಹೋದ್ರು... ಸರಿಯಾಗಿ ಹೇಳಿದ್ನಾ?”

ಹೆತ್ತ ಮಕ್ಕಳ ಹೆಸರೂ ನಿಲ್ಲದ ತಲೆಯಲ್ಲಿ ಅದೊಂದು ಮಾತು ಕಡೆಗೂ ನಿಂತುಬಿಟ್ಟಿತ್ತು! ಮಗಳು ಫೋನನ್ನು ದಾರದ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಅಮ್ಮ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

“ಸರಿಯಾಗಿ ಹೇಳ್ದೆ ಅಮ್ಮ,” ಎಂದಳು.