ಕಳೆದ ವರ್ಷದ ಐದು ಪದಗಳು

"ನೀವು ಹೊರಗೆ ನಡೀರಿ!"

ನರ್ಸ್ ದನಿ ಏರಿಸಿದಳು. ಅವಳ ಕುರ್ಚಿಯ ಹಿಂದೆ ನಿಂತು, ಇವತ್ತು ಯಾವ ವಾರವೆಂದು ತನ್ನ ಅಮ್ಮನಿಗೆ ತುಟಿಯಾಡಿಸಿ ಹೇಳಿಕೊಡುತ್ತಿದ್ದ ಶಾಲಾ ಬಸ್ಸಿನ ಡ್ರೈವರ್ ತಲೆತಗ್ಗಿಸಿ ಹೊರಟ.

ಎಷ್ಟೋ ತಿಂಗಳ ಮೇಲೆ ಕಂಡ ಮುಖ... ಮೊದಲ ಮಾತೇ ಹೀಗಾಯಿತಲ್ಲ!

ಹಿರಿಯರ ನೆನಪಿನ ತಪಾಸಣೆ ಅವಳ ಕೆಲಸ. ಕಳೆದ ವರ್ಷ ಅವನು ಅಮ್ಮನನ್ನು ಮೊದಲ ಸಲ ಕರೆತಂದಿದ್ದ. ಆಮೇಲೆ ಎಷ್ಟೋ ಸಂಜೆ ಆಸ್ಪತ್ರೆಯ ಗೇಟಿನ ಬಳಿ ಚಹಾ, ಹರಟೆ, ನಗು. ಇದ್ದಕ್ಕಿದ್ದಂತೆ ಒಂದು ದಿನದಿಂದ ಅವನು ಫೋನೇ ಎತ್ತಲಿಲ್ಲ. ತನ್ನಲ್ಲೇ ಏನೋ ಕೊರತೆಯಿರಬೇಕೆಂದು ಅವಳು ಒಳಗೊಳಗೇ ಕೊರಗಿದ್ದಳು.

"ಅಮ್ಮಾ, ಆಗಲೇ ಐದು ಪದ ಹೇಳಿದ್ನಲ್ಲ, ನೆನಪಿದ್ಯಾ?"

ಅವಳು ಹೇಳಿದ್ದು ಬೀಗ, ಮೋಡ, ಕುದುರೆ, ಚಮಚ, ಹಳದಿ.

ಅಮ್ಮ ಒಂದು ಕಾಲದ ಟೆಲಿಫೋನ್ ಆಪರೇಟರ್. ಬೆನ್ನು ನೆಟ್ಟಗೆ ಮಾಡಿಕೊಂಡರು.

"ಇಡೀ ಊರಿನ ನಂಬರು ಬಾಯಲ್ಲಿತ್ತು ಕಣಮ್ಮ, ಐದು ಪದ ಯಾವ ಲೆಕ್ಕ! ಕನ್ನಡಿ, ಸೇತುವೆ, ಬೆಕ್ಕು, ದಿಂಬು, ಹಸಿರು!"

ಪೆನ್ನು ನಿಂತಿತು.

ಐದೂ ಕಳೆದ ವರ್ಷದ ಪದಗಳು! ಬಾಯಿಪಾಠ ಆಗಬಾರದೆಂದೇ ಪ್ರತಿ ಸಲ ಪದಗಳನ್ನು ಬದಲಿಸುತ್ತಾರೆ. ಇವತ್ತಿನವುಗಳಲ್ಲಿ ಒಂದೂ ಬರಲಿಲ್ಲ. ಸುಳಿವು ಕೊಟ್ಟರೂ ಬರಲಿಲ್ಲ.

"ಸರಿಯಾಗಿ ಹೇಳ್ದೆ ತಾನೆ?"

"ಒಂದು ಕಡೆನೂ ತಡವರಿಸ್ಲಿಲ್ಲ, ಅಮ್ಮ."

ಅವಳು ಹೊರಬಂದಾಗ ಅವನು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದ.

"ಕಾಪಿ ಹೊಡೆಸೋಕೆ ಇದೇನು ಶಾಲೆ ಪರೀಕ್ಷೇನಾ? ಯಾರಿಗೆ ಮೋಸ ಮಾಡ್ತಿದ್ದೀರಿ?"

"ನನಗೇ..." ಅವನು ತಲೆ ಎತ್ತಲಿಲ್ಲ. "ಹೋದ ವರ್ಷ ನೀವು ಕೇಳಿದ ಐದು ಪದಾನ ದಿನಾ ಬೆಳಗ್ಗೆ ಹೇಳಿಸ್ತಿದ್ದೆ. ಐದೂ ಹೇಳಿದ್ರೆ ಅಮ್ಮ ಚೆನ್ನಾಗಿದ್ದಾಳೆ ಅಂದ್ಕೋತಿದ್ದೆ. ಆದ್ರೂ ಒಲೆ ಆರಿಸೋದು ಮರೆತ್ಲು. ಮೊನ್ನೆ ನಮ್ಮ ಬೀದೀಲೇ ದಾರಿ ತಪ್ಪಿದ್ಲು. ಅದಕ್ಕೇ ಇವತ್ತು ಕರ್ಕೊಂಡು ಬಂದೆ. ಒಳಗೆ ಬಂದ ಮೇಲೆ ಮತ್ತೆ ಧೈರ್ಯ ಸಾಲ್ಲಿಲ್ಲ."

"ನನ್ನ ಫೋನ್ ಯಾಕೆ ಎತ್ತಲಿಲ್ಲ?"

"ನೀವು ಅಮ್ಮನ್ನ ಒಂದ್ಸಲ ನೋಡಿದ್ರೆ ಸಾಕು, ಗೊತ್ತಾಗ್ಬಿಡ್ತಿತ್ತು. ನಿಮ್ಮ ಬಾಯಿಂದ ಅದನ್ನ ಕೇಳೋ ಶಕ್ತಿ ಇರ್ಲಿಲ್ಲ..."

ಹಾಗಾದರೆ ನನ್ನ ಮೇಲಿನ ಬೇಸರವಲ್ಲ! ಆದರೆ ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಒಳಗೆ ಕುಳಿತಿದ್ದ ಜೀವ ವರ್ಷವನ್ನೇ ಕಳೆದುಕೊಂಡಿತ್ತು.

"ಇದು ತಪಾಸಣೆ ಅಷ್ಟೇ. ಇದೊಂದರಿಂದ ಕಾಯಿಲೆ ಅಂತ ಹೇಳೋಕಾಗಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್ ಆಗ್ಬೇಕು, ಡಾಕ್ಟರ್ ನೋಡ್ಬೇಕು. ಆದ್ರೆ... ಹೋದ ವರ್ಷದ ಹಾಗಿಲ್ಲ. ಸುಳ್ಳು ಹೇಳಲ್ಲ."

ಅವನು ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದರು. ಅವಳ ಕೈ ಹಿಡಿದು ಗುಟ್ಟಿನ ದನಿಯಲ್ಲಿ ಹೇಳಿದರು.

"ಇವನನ್ನ ಬೈಬೇಡಮ್ಮ. ಇವನಿಗೆ ಒಬ್ಬಳು ನರ್ಸ್ ಮೇಲೆ ಪ್ರಾಣ. 'ಕನ್ನಡಿ ಅನ್ನೋದು ಮರೆತುಹೋದ್ರೆ, ಹೊಳೆಯೋ ಅವಳ ಕಣ್ಣು ನೆನಪು ಮಾಡ್ಕೋ' ಅಂತ ದಿನಾ ಹೇಳಿಕೊಡ್ತಾನೆ. ಯಾರೋ ಏನೋ... ನಾನಂತೂ ನೋಡಿಲ್ಲ."

ಹಾಗೆಂದು ಅವಳ ಕಣ್ಣನ್ನೇ ನೋಡುತ್ತಾ ನಕ್ಕರು.

ಅವಳು ಅಮ್ಮನ ಕೈ ಬಿಡಲಿಲ್ಲ.

"ನಾಳೆ ಡಾಕ್ಟರ್ ಹತ್ರ ನಾನೂ ಬರ್ತೀನಿ," ಎಂದಳು ಕೊನೆಗೆ. "ಬೆಳಗ್ಗೆ ಫೋನ್ ಮಾಡ್ತೀನಿ. ಎತ್ತುತ್ತೀರಾ?"

ಅವನು ಕಣ್ಣೊರೆಸಿಕೊಂಡ.

"ಮೊದಲನೇ ರಿಂಗಿಗೇ."