ಇಂಚರಾಳ ಹಸಿರು ಗೆರೆ

"ಹೊಟ್ಟಿ ತೊಳಸಾಕತ್ತೈತೇನ ಪುಟ್ಟಿ?" ಎಂದು ನರ್ಸ್ ಕೇಳಿದಾಗ ಏಳು ವರ್ಷದ ಇಂಚರಾ ಇಲ್ಲವೆಂದು ತಲೆಯಾಡಿಸಿದಳು. ಹಾಸಿಗೆಯ ಪಕ್ಕದ ಗಾಜಿನ ಫಲಕದಲ್ಲಿ ಮಾತ್ರ ಗೆರೆ ಹಸಿರಿನಿಂದ ಹಳದಿಗೆ ತಿರುಗಿತು. ನರ್ಸ್ ಹುಡುಗಿಯ ಮಾತು ಬಿಟ್ಟು ಗೆರೆಯನ್ನು ನಂಬಿದಳು. ರಕ್ತನಾಳಕ್ಕೆ ಇಳಿಯುತ್ತಿದ್ದ ಔಷಧಿಯ ವೇಗ ತಗ್ಗಿಸಿ, ವಾಂತಿ ತಡೆಯುವ ಮದ್ದು ಕೊಟ್ಟಳು.

ಅದು 2061ನೇ ಇಸವಿ. ಹುಬ್ಬಳ್ಳಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡಾ. ನಾಜಿಯಾ ಮುಲ್ಲಾ ರೂಪಿಸಿದ ನೆಮ್ಮದಿಮಾಪಕ ಬಳಕೆಗೆ ಬಂದಿತ್ತು. ಕಿವಿಯ ಹಿಂದೆ ಅಂಟಿಸುವ, ಉಗುರಿನಷ್ಟು ಚಿಕ್ಕ ಪಟ್ಟಿ ಅದು. ನಾಡಿಯ ಏರಿಳಿತ, ಬೆವರಿನ ಲವಣ, ಕತ್ತಿನ ಸ್ನಾಯುಗಳ ಬಿಗಿತ ಎಲ್ಲವನ್ನೂ ಕೂಡಿಸಿ ನೋಡಿ, ಮಗು ಆ ಗಳಿಗೆಯಲ್ಲಿ ಎಷ್ಟು ಹಾಯಾಗಿದೆ ಎಂಬುದನ್ನು ಫಲಕದಲ್ಲಿ ಗೆರೆಯಾಗಿ ಬರೆಯುತ್ತಿತ್ತು. ಹಸಿರೆಂದರೆ ನೆಮ್ಮದಿ, ಹಳದಿಯೆಂದರೆ ಸಂಕಟ, ಕೆಂಪೆಂದರೆ ನೋವು. ಇಂಚರಾಳಿಗೂ ಇದ್ದ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬಿಳಿರಕ್ತಕಣಗಳನ್ನಷ್ಟೇ ಲೆಕ್ಕ ಹಾಕುತ್ತಿದ್ದ ವೈದ್ಯರು ಈಗ ಮಗುವಿನ ದಿನ ಹೇಗೆ ಕಳೆಯಿತೆಂದೂ ನೋಡತೊಡಗಿದ್ದರು. ಮಕ್ಕಳು ಮೊದಲಿಗಿಂತ ಚೆನ್ನಾಗಿ ಉಣ್ಣುತ್ತಿದ್ದರು, ನಿದ್ದೆ ಮಾಡುತ್ತಿದ್ದರು.

ಇಂಚರಾಳ ತಾಯಿ ಶ್ರಾವಣಿಗೆ ಆ ಫಲಕ ಮೊದಮೊದಲು ದೇವರಂತೆ ಕಂಡಿತ್ತು. ಆಮೇಲೆ ಅವಳು ಇನ್ನೊಂದನ್ನು ಗಮನಿಸಿದಳು. ಗಂಡನ ತಂಗಿ ಭೂಮಿಕಾ ರೈಲಿನ ಎಂಜಿನ್ ಓಡಿಸುವವಳು. ಅವಳು ಡ್ಯೂಟಿ ಮುಗಿಸಿ ಬಂದು ಮಂಚದ ಬಳಿ ಕೂತರೆ ಗೆರೆ ಹಸಿರಾಗುತ್ತಿತ್ತು. ಶ್ರಾವಣಿ ಒಳಗೆ ಬಂದರೆ ಹಳದಿಯಾಗುತ್ತಿತ್ತು. ಅವಳು ಬೇಕೆಂದೇ ಹೊರಗೆ ಹೋಗಿ, ಸ್ವಲ್ಪ ಹೊತ್ತು ತಡೆದು, ಮತ್ತೆ ಬಂದು ನೋಡಿದಳು. ಹಳದಿಯೇ.

ಕೆಲಸ ಬಿಟ್ಟು ಮಗಳ ಪಕ್ಕದಲ್ಲಿ ಉಳಿದವಳು ತಾನು. ದಿಂಬಿನ ಮೇಲೆ ಉದುರಿದ ಕೂದಲನ್ನು ಮಗಳು ಏಳುವ ಮೊದಲೇ ಆರಿಸಿ ತೆಗೆದವಳು ತಾನು. ಇವಳೋ ಬಂದು ಒಂದಿಷ್ಟು ಹೊತ್ತು ಎಂಜಿನ್ನಿನ ಸುದ್ದಿ ಹೇಳಿ ಹೋಗುತ್ತಾಳೆ. ಭೂಮಿಕಾಳ ದೊಡ್ಡ ನಗು, ಮಗಳು "ಅತ್ತೀ" ಎಂದು ರಾಗ ಎಳೆಯುವುದು, ಎಲ್ಲವೂ ಶ್ರಾವಣಿಯ ಎದೆಗೆ ಚುಚ್ಚತೊಡಗಿದವು.

ಒಂದು ದಿನ ವಾರ್ಡಿನ ಬಾಗಿಲಲ್ಲೇ ನಾದಿನಿಯನ್ನು ತಡೆದಳು. "ಇನ್ನ ಮ್ಯಾಲೆ ಬರಬ್ಯಾಡ ಭೂಮಿಕಾ. ಹೊರಗಿನವರು ಬಂದ್ರ ಸೋಂಕು ತಗಲ್ತದಂತ ಡಾಕ್ಟ್ರು ಹೇಳ್ಯಾರ."

"ಹೊರಗಿನವರು" ಎಂಬ ಮಾತಿಗೆ ಭೂಮಿಕಾಳ ಮುಖ ಇಳಿಯಿತು. "ಆತು ವೈನಿ. ಅಕಿ ಆರಾಮಾದ್ರ ಸಾಕು," ಎಂದು ಹೊರಟುಹೋದಳು.

ಆಮೇಲೆ ಗೆರೆ ಹಸಿರಾಗುವುದೇ ಅಪರೂಪವಾಯಿತು. ಇಂಚರಾ ತಟ್ಟೆ ದೂಡತೊಡಗಿದಳು. ವಾಂತಿ ತಡೆಯುವ ಮದ್ದು ಹೆಚ್ಚಿಸಿದರೂ ಫಲ ಕಾಣದಿದ್ದಾಗ ನಾಜಿಯಾ ಶ್ರಾವಣಿಯನ್ನು ತಮ್ಮ ಕೋಣೆಗೆ ಕರೆದರು.

"ನಿಮ್ಮ ನಾದಿನಿ ಯಾಕ ಬರವಲ್ರು?"

"ನಾನ ಬ್ಯಾಡ ಅಂದೆ," ಎಂದಳು ಶ್ರಾವಣಿ. "ಅಕಿ ಬಂದ್ರ ಹಸಿರು, ನಾ ಬಂದ್ರ ಹಳದಿ. ಹಡದ ತಾಯಿ ಬಂದ್ರ ಮಗಳಿಗೆ ಸಂಕಟಾಗ್ತದಂತ ನಿಮ್ಮ ಮಷೀನ ಹೇಳ್ತದಲ್ರಿ. ಹೊಟ್ಟಿಕಿಚ್ಚು ಅನ್ರಿ, ಏನರ ಅನ್ರಿ. ನನಗ ನೋಡಾಕ ಆಗಲಿಲ್ಲ."

ಪಟ್ಟಿಯನ್ನು ರೂಪಿಸುವಾಗ ನಾಜಿಯಾ ಮಗುವಿನ ಬಗ್ಗೆ ಮಾತ್ರ ಯೋಚಿಸಿದ್ದರು. ಅದನ್ನು ನೋಡುತ್ತ ಕೂರುವವರ ಬಗ್ಗೆ ಯೋಚಿಸಿರಲಿಲ್ಲ. "ಸಂಕಟ ಎಷ್ಟದ ಅಂತ ಅದಕ್ಕ ಗೊತ್ತಾಗ್ತದ. ಯಾಕ ಅಂತ ಗೊತ್ತಾಗೂದಿಲ್ಲ," ಎಂದರು. "ಇಂಚರಾನ್ನ ಕೇಳೀರೇನು?"

ಶ್ರಾವಣಿ ಕೇಳಿರಲಿಲ್ಲ. ಅಂದು ಮಧ್ಯಾಹ್ನ ಕೇಳಿದಳು. ಮಗಳು ಹೊದಿಕೆಯ ಅಂಚನ್ನು ತಿರುವುತ್ತ ಹೇಳಿದಳು.

"ನೀ ಇದ್ದಾಗ ನಾ ಛಲೋ ಇರಬೇಕವ್ವಾ. ಇಲ್ಲಂದ್ರ ನೀ ಬಚ್ಚಲಕ್ಕ ಹೋಗಿ ನಳ ಬಿಟ್ಟು ಅಳ್ತಿ. ಅತ್ತಿ ಮುಂದ ಅತ್ರೂ ನಡೀತದ, ವಾಂತಿ ಮಾಡಿದ್ರೂ ನಡೀತದ."

ಶ್ರಾವಣಿ ಅಲ್ಲೇ ಕೂತು ಭೂಮಿಕಾಗೆ ಫೋನ್ ಮಾಡಿದಳು. "ಡಾಕ್ಟ್ರು ಏನೂ ಹೇಳಿರಲಿಲ್ಲ. ನಾನ ಸುಳ್ಳು ಹೇಳಿದ್ದೆ. ಬಾ."

ಸಂಜೆ ಬಾಗಿಲಿನ ಗಾಜಿನ ಮೂಲಕ ಶ್ರಾವಣಿ ಒಳಗೆ ನೋಡಿದಳು. ಇಂಚರಾ ಅತ್ತೆಯ ತೊಡೆಯಲ್ಲಿ ಮುಖವಿಟ್ಟು, ಸೂಜಿ ಬೇಡವೆಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಫಲಕದ ಗೆರೆ ಹಸಿರಾಗಿತ್ತು. ತನ್ನ ಮುಂದೆ ನಗುವ ಮಗಳು ಭೂಮಿಕಾಳ ಮುಂದೆ ಅಳುತ್ತಾಳೆ ಎಂಬುದು ಶ್ರಾವಣಿಯನ್ನು ಮೊದಲಿಗಿಂತ ಹೆಚ್ಚು ಸುಟ್ಟಿತು. ಆ ನಗು ತನಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಆ ಅಳು. ಆದರೂ ಒಳಗೆ ಹೋಗಿ ಮಂಚದ ಇನ್ನೊಂದು ಬದಿ ಕೂತಳು. ಅಳಬೇಡ ಎನ್ನಲಿಲ್ಲ, ಕಣ್ಣೊರೆಸಲಿಲ್ಲ. ಗೆರೆ ಹಳದಿಗೆ ಜಾರಿತು. ಇಂಚರಾ ತಲೆಯೆತ್ತಿ ಅವ್ವನ ಮುಖ ನೋಡಿ, ಮತ್ತೆ ಅಳಲು ಶುರುಮಾಡಿದಳು. ಆ ದಿನ ಗೆರೆ ಹಸಿರಾಗಲಿಲ್ಲ. ಅದಕ್ಕೆ ಮುಂದೆ ಎಷ್ಟೋ ಸಂಜೆಗಳು ಬೇಕಾದವು.

ಚಿಕಿತ್ಸೆ ಮುಗಿಸಿ ಇಂಚರಾ ಶಾಲೆಗೆ ಮರಳಿದ ಮೇಲೂ ನಾಜಿಯಾಗೆ ಸಮಾಧಾನವಾಗಲಿಲ್ಲ. ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ತಾಯಿ ಕೋಣೆಯ ಹೊರಗೆ ಹೋದಾಗ ಹಸಿರಾಗುವ ಮಕ್ಕಳು ಬಹಳ ಮಂದಿ ಇದ್ದರು. ಅಂದಿನಿಂದ ಪಟ್ಟಿ ಅಂಟಿಸುವ ಮೊದಲು, ಮಕ್ಕಳನ್ನು ಕೇಳುವುದು ಹೇಗೆ, ಕೇಳಿದ್ದನ್ನು ತಾಳಿಕೊಳ್ಳುವುದು ಹೇಗೆ ಎಂದು ತಂದೆತಾಯಿಗೆ ಕಲಿಸಲು ಏರ್ಪಾಡು ಮಾಡಿದರು. ಹಾಗೆ ಕೇಳುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ ಎಂಬುದೇ ಅವರನ್ನು ಕಾಡಿತು. ನೆಮ್ಮದಿಮಾಪಕ ಹುಟ್ಟುವ ಮೊದಲೂ ಇಂಥ ವಾರ್ಡುಗಳಿದ್ದವು. ಅಲ್ಲೂ ಮಕ್ಕಳು ಅವ್ವಂದಿರ ಮುಖ ನೋಡಿ ನನಗೇನೂ ಆಗಿಲ್ಲ ಎನ್ನುತ್ತಿದ್ದರು. ಹೊಟ್ಟೆಕಿಚ್ಚು ಪಡಲು ಒಂದು ಗೆರೆಯೂ ಇಲ್ಲದ ಆ ತಾಯಂದಿರು ಆ ಮಾತನ್ನು ನಂಬಿಬಿಡುತ್ತಿದ್ದರು.