ಗುದ್ಲೆಪ್ಪನ ಹಗೇವು

ಹನ್ನೊಂದು ವರ್ಷ ಊರವರ ಬೆಂಕಿ ಆರಿಸಿ ಗಳಿಸಿದ ಹೆಸರು ಒಂದು ಪುಂಡಿನಾರಿನ ಹಗ್ಗದಿಂದ ಹೋಗುತ್ತದೆಂದರೆ ಯಾರ ಹೊಟ್ಟೆಯಾದರೂ ಉರಿಯುತ್ತದೆ. ಮಹಾಂತೇಶನ ಹೊಟ್ಟೆ ಮೂರು ದಿನದಿಂದ ಉರಿಯುತ್ತಿತ್ತು. ಅದನ್ನು ಆರಿಸುವ ವಿದ್ಯೆ ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ.

ಹಿರೇಕೆರೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಆದರೂ ಅವನನ್ನು ಪಂಕ್ಚರ್ ಮಹಾಂತೇಶ ಎಂದು ಕರೆಯುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅವನು ಅಗ್ನಿಶಾಮಕ ಠಾಣೆಯ ಸ್ವಯಂಸೇವಕ. ಸಂಬಳವಿಲ್ಲ, ಕಿತ್ತಳೆ ಬಣ್ಣದ ಒಂದು ಜಾಕೀಟು ಉಂಟು. ಠಾಣೆಯಿಂದ ಫೋನು ಬಂದರೆ ಅರ್ಧ ಬಿಚ್ಚಿದ ಟಾಯರನ್ನು ಅಲ್ಲೇ ಬಿಟ್ಟು ಓಡುತ್ತಿದ್ದ. ಬಾವಿಗೆ ಬಿದ್ದ ಎಮ್ಮೆಗಳನ್ನು ಎತ್ತಿದ್ದ, ಮೆಕ್ಕೆಜೋಳದ ಸೊಪ್ಪೆಯ ಬಣವೆಗಳನ್ನು ಆರಿಸಿದ್ದ. ಮದುವೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಕೂರಿಸುತ್ತಿದ್ದರು. ಈ ಸಲ ಜಿಲ್ಲೆಯಿಂದ ಸೇವಾ ಪ್ರಶಸ್ತಿಗೆ ಹೋದ ಹೆಸರೂ ಅವನದೇ.

ಆ ಪ್ರಶಸ್ತಿಯ ಬೇರು ಹೋದ ವರ್ಷದ ನೆರೆಯಲ್ಲಿತ್ತು. ಹಾನಗಲ್ಲ ತಾಲೂಕಿನ ಒಂದು ಹಳ್ಳಿಗೆ ವರದಾ ನದಿ ನುಗ್ಗಿದಾಗ ಮಹಾಂತೇಶ ಆರು ಜನರಿಗೆ ಹಗ್ಗ ಹಿಡಿಸಿ ದಾಟಿಸಿದ್ದ. ಏಳನೆಯವಳು ವಿದ್ಯಾಶ್ರೀ, ಇಪ್ಪತ್ತರ ಹುಡುಗಿ. ಠಾಣೆಯ ಹಗ್ಗ ಅಷ್ಟರಲ್ಲಿ ಇನ್ನೊಂದು ಕಡೆಗೆ ಹೋಗಿತ್ತು, ಹುಡುಗಿಯ ತಾಯಿ ಸುಜಾತಾ ತನ್ನ ಬಾವಿಯ ಹಗ್ಗ ಬಿಚ್ಚಿ ತಂದುಕೊಟ್ಟಳು. ಹುಡುಗಿ ನಡುನೀರಿನಲ್ಲಿದ್ದಾಗ ಸೆಳವು ಏರಿ ಮಹಾಂತೇಶನ ಎದೆಗೆ ಬಂತು. ಅವನು ಹಗ್ಗ ಹಿಡಿದಿದ್ದ ಕೈ ಬಿಟ್ಟ. ಎರಡು ದಿನದ ಮೇಲೆ ಹುಡುಗಿ ಸವಣೂರಿನ ಕಡೆ ಹೆಣವಾಗಿ ಸಿಕ್ಕಳು. ಆ ಮಳೆಯಲ್ಲಿ ಅವನ ಕೈಯನ್ನು ಯಾರೂ ನೋಡಿರಲಿಲ್ಲ. ಹಳೇ ಹಗ್ಗ, ಹರಿಯಿತು ಎಂದು ಹೇಳಿದ, ಎಲ್ಲರೂ ನಂಬಿದರು. ಹೇಳುತ್ತ ಹೇಳುತ್ತ ಅವನೂ ನಂಬಿದ. ಶಿಗ್ಗಾಂವಿ, ಸವಣೂರು ಎಲ್ಲಿ ಜಾಗೃತಿ ಕಾರ್ಯಕ್ರಮ ಇದ್ದರೂ ಅದನ್ನೊಂದು ಪಾಠ ಮಾಡಿ, ಹಳೇ ಹಗ್ಗ ನೆಚ್ಚಬೇಡಿ ಎಂದು ಕಣ್ಣೊರೆಸಿಕೊಳ್ಳುತ್ತಿದ್ದ.

ಅದೇ ಪಾಠವನ್ನು ಹೋದ ವಾರ ಚಿಕ್ಕೇರೂರಿನ ಹತ್ತಿರದ ಹಳ್ಳಿಯಲ್ಲಿ ಮಾಡಿದ್ದು ಎಡವಟ್ಟಾಯಿತು. ಅಲ್ಲಿ ಕುಳಿತು ಕೇಳಿದವರಲ್ಲಿ ಗುದ್ಲೆಪ್ಪನೂ ಇದ್ದ. ಅದೇ ಊರಿನ, ಅರವತ್ತು ದಾಟಿದ ರೈತ, ಮಾತು ಕಮ್ಮಿ, ಹಠ ಜಾಸ್ತಿ. ಅವನ ತಂಗಿಯನ್ನು ಕೊಟ್ಟಿದ್ದು ವರದಾ ನುಗ್ಗಿದ ಆ ಹಳ್ಳಿಗೇ. ಸೋಮವಾರ ಅವನು ಅಂಗಡಿಗೆ ಬಂದ, ಕೈಚೀಲದಿಂದ ಒಂದು ಸಿಂಬಿ ಹಗ್ಗ ತೆಗೆದು ಟಾಯರುಗಳ ಮೇಲಿಟ್ಟ.

“ಮಾಂತೇಶ, ಇದು ಎಲ್ಲಿ ಹರದೈತಿ ತೋರಸು.”

“ಕಾಕಾ, ಇಂಥಾ ಹಗ್ಗ ಊರಾಗ ನೂರು ಇರ್ತಾವ.”

“ಎರಡೂ ತುದಿಗೆ ನೀಲಿ ಅರಿವಿ ಸುತ್ತಾಕಿ ಸುಜಾತಾ ಒಬ್ಬಾಕಿನ. ನೀರು ಇಳದಮ್ಯಾಗ ನಮ್ಮ ತಂಗಿ ಹೊಲದಾಗ ಜಾಲಿ ಕಂಟ್ಯಾಗ ಸಿಕ್ಕಿತ್ತು. ಛಲೋ ಐತೆಲ್ಲ ಅಂತ ತಂದು ಗೂಟಕ್ಕ ಹಾಕಿದ್ದೆ. ನಿನ್ನ ಭಾಷಣ ಕೇಳಿದಮ್ಯಾಗ ತಗದು ನೋಡಿದೆ. ಎರಡೂ ತುದಿ ಹಂಗ ಅದಾವ, ನಡುವ ಒಂದು ಎಳಿ ಹರದಿಲ್ಲ.”

ಮಹಾಂತೇಶ ನೀಲಿ ತುದಿಯನ್ನು ಬೆರಳಲ್ಲಿ ತಿರುವಿ ನೋಡಿದ. ಗುದ್ಲೆಪ್ಪನೇ ಮುಂದುವರಿಸಿದ.

“ಅಂಜಿಕಿ ಎಲ್ಲಾರಿಗೂ ಬರ್ತೈತಿ, ನಾ ಅದಕ್ಕ ಬೈಯಾಂಗಿಲ್ಲ. ಆದ್ರ ಆ ತಾಯಿ, ನನ್ನ ಹಗ್ಗನ ನನ್ನ ಮಗಳನ್ನ ತಿಂತು ಅಂತ ವರ್ಷಾತು, ಬಾವಿ ಕಡೆ ಮುಖಾ ಮಾಡಿಲ್ಲ. ನೀನ ಹೋಗಿ ಹೇಳು. ಶುಕ್ರವಾರದೊಳಗ ನೀ ಹೇಳಲಿಲ್ಲಂದ್ರ ನಾ ಹೇಳ್ತೇನಿ.”

ಬೈದಿದ್ದರೆ ಮಹಾಂತೇಶ ಸಹಿಸುತ್ತಿದ್ದನೇನೋ. ಈ ಕನಿಕರ ಅವನ ಮೈಯೆಲ್ಲ ಉರಿಸಿತು. ಎತ್ತಿದ ಎಮ್ಮೆಗಳು, ಆರಿಸಿದ ಬಣವೆಗಳು, ದಾಟಿಸಿದ ಆರು ಜನ, ಎಲ್ಲವೂ ಈ ಮುದುಕನ ಚೀಲದೊಳಗೆ ಸೇರಿಬಿಡುತ್ತವೆ. ಶುಕ್ರವಾರದ ನಂತರ ಅವನು ಬರೀ ಪಂಕ್ಚರ್ ಮಹಾಂತೇಶ, ಅದರ ಹಿಂದೆ ಹುಡುಗಿಯ ಕೈ ಬಿಟ್ಟವನು. ಆದರೂ ಅವನು ತಲೆ ತಗ್ಗಿಸಿ, ತಪ್ಪಾತು ಕಾಕಾ, ಹೇಳ್ತೇನಿ, ಜೋಡಿ ನೀವೂ ಬರ್ರಿ ಎಂದ. ಹಗ್ಗವನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಗುದ್ಲೆಪ್ಪನ ಕಣ್ಣಲ್ಲಿ ನೀರು ಬಂತು.

“ಬರ್ತೇನಿ ತಮ್ಮಾ. ಬರಿಗೈಲೆ ಹೋಗೂದು ಬ್ಯಾಡ. ಹಗೇವು ತಗದು ಒಂದು ಚೀಲ ಜೋಳ ಒಯ್ಯೂನು.”

ದಾರಿ ಹುಡುಕುತ್ತಿದ್ದವನಿಗೆ ಮುದುಕ ತಾನೇ ದಾರಿ ತೋರಿಸಿದ್ದ. ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ವರ್ಷಗಟ್ಟಲೆ ಮುಚ್ಚಿಟ್ಟ ಕಾಳು ಒಳಗಿನ ಗಾಳಿಯನ್ನೆಲ್ಲ ಕೆಡಿಸಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿದವನು ಎರಡು ನಿಮಿಷವೂ ಉಳಿಯುವುದಿಲ್ಲ. ಈಗ ಎಲ್ಲರ ಜೋಳವೂ ಚೀಲಕ್ಕೆ ಬಂದಿದೆ, ಆ ಊರಲ್ಲಿ ಹಗೇವು ತುಂಬುವ ಹಠಮಾರಿ ಗುದ್ಲೆಪ್ಪ ಒಬ್ಬನೇ. ಏಳು ವರ್ಷದ ಹಿಂದೆ ಸ್ವತಃ ಮಹಾಂತೇಶನೇ ಆ ಹಗೇವಿನ ಮುಂದೆ ಊರನ್ನು ಸೇರಿಸಿ, ಗುದ್ಲೆಪ್ಪನ ಕೈಯಿಂದ ಲಾಟೀನು ಇಳಿಸಿ ತೋರಿಸಿದ್ದ. ಆ ಲಾಟೀನು ಇವತ್ತಿಗೂ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು.

ಎರಡು ದಿನ ಅವನು ಟಾಯರು ಬಿಚ್ಚುತ್ತಲೇ ಎಲ್ಲವನ್ನೂ ಜೋಡಿಸಿದ. ಗುರುವಾರ ಹಿರೇಕೆರೂರಿನ ಸಂತೆ ಎಂದು ಗುದ್ಲೆಪ್ಪನ ಹೆಂಡತಿ ಮಾದೇವಿ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ, ಮಧ್ಯಾಹ್ನ ಮೂರಕ್ಕೆ ಮುಂಚೆ ಮರಳುವುದಿಲ್ಲ. ಅಕ್ಕಪಕ್ಕದವರೆಲ್ಲ ಮೆಕ್ಕೆಜೋಳದ ಹೊಲದಲ್ಲಿರುತ್ತಾರೆ. ದೀಪ ಇಳಿಸದೆ ಇಳಿಯುವ ಮನುಷ್ಯನಲ್ಲ ಗುದ್ಲೆಪ್ಪ, ಅದಕ್ಕೂ ಉಪಾಯವಿತ್ತು. ಗಾಳಿ ಪರೀಕ್ಷಿಸುವ ಹಳದಿ ಯಂತ್ರವೊಂದು ಕೆಟ್ಟ ಮೇಲೆ ಕಾರ್ಯಕ್ರಮಗಳಲ್ಲಿ ಜನರಿಗೆ ತೋರಿಸಲೆಂದು ಮಹಾಂತೇಶನ ಚೀಲದಲ್ಲೇ ಉಳಿದಿತ್ತು. ಜೀವವಿಲ್ಲದ ಯಂತ್ರ, ಯಾವ ಗಾಳಿಗೂ ಕೂಗುವುದಿಲ್ಲ.

ಗುರುವಾರ ಫೋನನ್ನು ಅಂಗಡಿಯ ಗಲ್ಲೆಯಲ್ಲೇ ಬಿಟ್ಟು, ಹೊಲದ ಹಾದಿ ಹಿಡಿದು ಹತ್ತು ಗಂಟೆಗೆ ಹೋದ. ಇಬ್ಬರೂ ಸೇರಿ ಮಣ್ಣು ಕೆದರಿ ಕಲ್ಲು ಸರಿಸಿದರು. ಹಳೇ ಜೋಳದ ಹುಳಿ ವಾಸನೆ ಮೇಲೆ ಬಂತು.

“ಇವತ್ತು ಬಾಯಿ ತಗದು ಬಿಡೂನು,” ಎಂದ ಗುದ್ಲೆಪ್ಪ. “ನಾಳೆ ಮುಂಜಾನೆ ದೀಪ ಇಳಿಸಿ ನೋಡಿ ಇಳಿದ್ರಾತು.”

“ಈಗ ಅದೆಲ್ಲ ಬೇಕಾಗಿಲ್ಲ ಕಾಕಾ. ಮಷೀನ್ ಐತಿ. ಗಾಳಿ ಕೆಟ್ಟಿದ್ರ ಊರಿಗೆಲ್ಲ ಕೇಳೂಹಂಗ ಕೂಗ್ತೈತಿ.”

ಯಂತ್ರ ಇಳಿಯಿತು, ಸುಮ್ಮನೆ ಇದ್ದು ಸುಮ್ಮನೆ ಮೇಲೆ ಬಂತು. ಗುದ್ಲೆಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು, ಕೂಸಿನ ಮುಖ ನೋಡುವಂತೆ ನೋಡಿದ. “ನೀ ಹೇಳಿದಮ್ಯಾಗ ಮುಗೀತು,” ಎಂದು ಚೀಲ ಹೆಗಲಿಗೆ ಹಾಕಿ ಏಣಿ ಇಳಿದ. ಮಹಾಂತೇಶ ಬೇವಿನ ಮರದ ಕಡೆ ಮುಖ ಮಾಡಿ ನಿಂತ. ಒಳಗಿಂದ ಒಂದು ಸಲ ಮಾಂತೇಶ ಎಂಬ ಕರೆ ಬಂತು. ಎರಡನೆಯದು ಬರಲಿಲ್ಲ.

ಅವನು ತಿರುಗಿ ಪಡಸಾಲೆಗೆ ಹೋದ. ಹಳದಿ ಯಂತ್ರವನ್ನೂ ಗೂಟಕ್ಕಿದ್ದ ನೀಲಿ ತುದಿಯ ಹಗ್ಗವನ್ನೂ ಚೀಲಕ್ಕೆ ತುಂಬಿದ. ಗುದ್ಲೆಪ್ಪ ದೀಪವಿಲ್ಲದೆ ಇಳಿದ ಎಂದರೆ ಊರವರು ನಂಬುವುದಿಲ್ಲ, ಅವನಿಗೆ ಧೈರ್ಯ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಅದಕ್ಕೆ ಗೂಟದಿಂದ ಲಾಟೀನು ಇಳಿಸಿ, ಧೂಳನ್ನು ಅಂಗಿಯ ತುದಿಯಿಂದ ಒರೆಸಿ, ಮನೆಯದೇ ಒಂದು ಸಣ್ಣ ಹಗ್ಗಕ್ಕೆ ಬಿಗಿದ. ಹಗುರವಾಗಿತ್ತು, ಗಂಟು ಹಾಕಲು ಸಲೀಸಾಯಿತು. ಗಾಜಿನಲ್ಲಿ ಹಳೇ ಮಸಿ ಇತ್ತು, ಬತ್ತಿಯ ತುದಿ ಸುಟ್ಟು ಕಪ್ಪಾಗಿತ್ತು. ಬೆಂಕಿಯ ಗುರುತು ಓದಲು ಕಲಿತ ಕಣ್ಣಿಗೆ ಎಲ್ಲವೂ ತಕ್ಕಂತೆ ಕಂಡಿತು. ಹಗೇವಿನ ಬಾಯಿಯ ಪಕ್ಕಕ್ಕೆ ಅದನ್ನಿಟ್ಟು ಹಿಂದಿನ ಹಾದಿ ಹಿಡಿದ. ನಡುದಾರಿಯಲ್ಲಿ ಯಾರದೋ ಬದುವಿನ ಮೇಲೆ ಕಸದ ಬೆಂಕಿ ಉರಿಯುತ್ತಿತ್ತು, ಹಗ್ಗವನ್ನು ಅದಕ್ಕೆ ಹಾಕಿ ಕೊನೆಯ ಎಳೆ ಬೂದಿಯಾಗುವವರೆಗೂ ನಿಂತ. ಬೆಂಕಿ ಪೂರ್ತಿ ಆರುವವರೆಗೆ ಜಾಗ ಬಿಡಬಾರದೆಂಬುದು ಅವನ ಹಳೇ ಅಭ್ಯಾಸ.

ಹನ್ನೊಂದೂವರೆಗೆ ಅಂಗಡಿಯಲ್ಲಿದ್ದ. ಮುಂದಿನ ಒಂದು ತಾಸು ನಾಲ್ಕು ಜನರ ಎದುರಿಗೆ ಒಂದು ಟ್ರ್ಯಾಕ್ಟರ್ ಟಾಯರಿನ ಜೊತೆ ಗುದ್ದಾಡಿದ, ಚಹಾ ತರಿಸಿ ಕುಡಿಸಿದ. ಹನ್ನೆರಡೂವರೆಗೆ ಹಳೇ ಟ್ಯೂಬಿನ ತುಂಡುಗಳನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು, ಗುದ್ಲೆಪ್ಪ ಕಾಕಾನ ಮನೀಗೆ ಕೊಟ್ಟು ಬರ್ತೇನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟ. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಹಸಿ ಕಟ್ಟಿಗೆಯ ಒಲೆಗೆ ಕಿಚ್ಚು ಹಿಡಿಸಲು ಆ ಕಡೆಯ ಹೆಣ್ಣುಮಕ್ಕಳೆಲ್ಲ ಟ್ಯೂಬಿನ ತುಂಡನ್ನೇ ನೆಚ್ಚಿಕೊಂಡಿದ್ದರು, ಮಾದೇವಿಗೆ ತಿಂಗಳಿಗೊಮ್ಮೆ ಅವನೇ ಒಯ್ದು ಕೊಡುತ್ತಿದ್ದ.

ಒಂದು ಗಂಟೆಗೆ ಗುದ್ಲೆಪ್ಪನ ಮನೆ ಮುಟ್ಟಿ ಠಾಣೆಗೆ ಫೋನು ಮಾಡಿದ. ಹತ್ತಿರದ ಹೊಲಗಳಿಂದ ಜನ ಓಡಿ ಬಂದರು, ಇಳಿಯಲು ಹೋದ ಇಬ್ಬರನ್ನು ರಟ್ಟೆ ಹಿಡಿದು ನಿಲ್ಲಿಸಿ, ನೀವೂ ಸಾಯಾಕ ಹೊಂಟೀರೇನು ಎಂದು ಗದರಿದ. ಗಾಡಿ ಬಂತು. ಠಾಣೆಯ ಹಿರಿಯ ಶಹಾಬುದ್ದೀನ ಗಾಳಿಯ ಸಿಲಿಂಡರನ್ನು ತಾನೇ ಅವನ ಬೆನ್ನಿಗೆ ಕಟ್ಟಿದ. ಮಹಾಂತೇಶ ಇಳಿದು, ಹೆಣದ ಕಂಕುಳಿಗೆ ಸರಿಯಾದ ಗಂಟು ಹಾಕಿ, ತಲೆ ಎಲ್ಲಿಯೂ ತಾಗದಂತೆ ಮೇಲಕ್ಕೆ ಕಳಿಸಿದ. ಮೇಲೆ ಬಂದು ಮುಖದ ಕವಚ ತೆಗೆದಾಗ ಅವನು ನಿಜವಾಗಿ ಅಳುತ್ತಿದ್ದ. ಜನ ಅವನ ಬೆನ್ನು ಸವರಿದರು. ಆ ಗಳಿಗೆಯಲ್ಲಿ ತಾನೇ ಕೊಂದವನು ಎಂಬುದು ಅವನಿಗೆ ಯಾರೋ ಹೇಳಿದ ದೂರದ ಸುದ್ದಿಯಂತೆ ಇತ್ತು.

ಹವಾಲ್ದಾರ ಚೌಡಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿಕೆ ಬರೆದುಕೊಂಡ. “ನೀವು ಬಂದಾಗ ಏನ್ ಕಂಡ್ರಿ?”

“ಬಾಯಿ ತಗದಿತ್ರಿ. ಲಾಟೀನು ಅಲ್ಲೇ ಮಗ್ಗಲಿಗೆ ಆರಿ ಬಿದ್ದಿತ್ತು. ಕಾಕಾ ಇಳಿಸಿ ನೋಡ್ಯಾನ, ಗಾಳಿಗೆ ಆರಿತು ಅನ್ಕೊಂಡು ಇಳದಾನ ಅನಸ್ತೈತಿ.” ಇನ್ನೊಂದು ಮಾತು ಉಳಿದಿತ್ತು. ಟ್ರ್ಯಾಕ್ಟರ್ ಟಾಯರು, ನಾಲ್ಕು ಜನ ಸಾಕ್ಷಿ, ಚಹಾ, ಎಲ್ಲವನ್ನೂ ಬಿಗಿಯುವ ಕೊನೆಯ ಗಂಟು ಇದು. “ನಾ ಮುಟ್ಟಿ ನೋಡಿದೆ. ಗಾಜು ಇನ್ನೂ ಬೆಚ್ಚಗಿತ್ರಿ. ಹತ್ತು ನಿಮಿಷ ಮೊದಲ ಬಂದಿದ್ರ ಉಳೀತಿದ್ದ.”

ಶಹಾಬುದ್ದೀನ ಅವನ ಹೆಗಲ ಮೇಲೆ ಕೈಯಿಟ್ಟ. ನಿಂದೇನೂ ತಪ್ಪಿಲ್ಲ ಬಿಡೋ ಎಂದ. ಚೌಡಪ್ಪ ಗಾಜಿನ ಮಾತನ್ನು ಒಂದಕ್ಷರವೂ ಬಿಡದೆ ಬರೆದು ಸಹಿ ಹಾಕಿಸಿಕೊಂಡ.

ಮೂರರ ಬಸ್ಸಿಗೆ ಮಾದೇವಿ ಬಂದಳು. ಗಂಡನ ಕಾಲ ಹತ್ತಿರ ಕುಳಿತು ಅತ್ತು ಅತ್ತು ದನಿ ಬತ್ತಿದ ಮೇಲೆ, ಲಾಟೀನನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಚೌಡಪ್ಪನ ಕಡೆ ತಿರುಗಿದಳು. “ಅದನ್ನ ಯಾಕ ಒಯ್ಯಾಕತ್ತೀರಿ ಸಾಹೇಬ್ರ?” ಎಂದಳು. ಗುದ್ಲೆಪ್ಪ ಅದನ್ನು ಹಚ್ಚಿ ಇಳಿಸಿದ್ದನೆಂದೂ ಅದು ಸಾಕ್ಷಿಯ ವಸ್ತುವೆಂದೂ ಚೌಡಪ್ಪ ತಿಳಿಸಿ ಹೇಳಿದ. ಅವಳು ಕೈ ಚಾಚಿ ಲಾಟೀನು ಇಸಿದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು, ಯಾವ ಸಪ್ಪಳವೂ ಬರಲಿಲ್ಲ. “ಅವರು ಇದನ್ನ ಹೆಂಗ ಹಚ್ಚಿದ್ರು? ರೇಶನ್ ಅಂಗಡ್ಯಾಗ ಚಿಮಣಿ ಎಣ್ಣಿ ಕೊಡೂದು ನಿಂತು ಐದು ವರ್ಷಾತು, ಅವತ್ತಿಂದ ಇದರಾಗ ಒಂದು ಹನಿ ಬಿದ್ದಿಲ್ಲ. ಅವರು ಹಗೇವಿಗೆ ಇಳಿಸೂದು ಅಡಗಿಯ ಒಳ್ಳೆಣ್ಣಿ ಹಣತಿ, ಬಕೀಟಿನ್ಯಾಗ ಇಟ್ಟು. ಆ ಹಣತಿ ದೇವರ ಮಾಡದಾಗ ಹಂಗ ಐತಿ.” ಅವಳ ಮಾತಿನಲ್ಲಿ ಯಾರ ಮೇಲೂ ಅನುಮಾನವಿರಲಿಲ್ಲ, ಮನೆಯ ಸಂಗತಿ ಹೇಳುವ ಹಾಗೆ ಹೇಳಿದಳು. “ಒಲಿ ಹಚ್ಚಾಕೂ ಎಣ್ಣಿ ಇಲ್ಲಂತನ ಅಲ್ಲೇನ್ರಿ, ಪಾಪ ನಮ್ಮ ಮಾಂತೇಶಪ್ಪ ತಿಂಗಳಾ ಟ್ಯೂಬಿನ ತುಣುಕು ತಂದು ಕೊಡೂದು.” ಕಟ್ಟೆಯ ಮೇಲೆ ಅವನು ಇಟ್ಟಿದ್ದ ಕೈಚೀಲ ಹಾಗೇ ಇತ್ತು, ಬಾಯಿಯಿಂದ ಕಪ್ಪು ರಬ್ಬರಿನ ತುಂಡುಗಳು ಇಣುಕುತ್ತಿದ್ದವು. ಶಹಾಬುದ್ದೀನ ಒಮ್ಮೆ ಆ ಚೀಲವನ್ನು ನೋಡಿದ, ಒಮ್ಮೆ ಮಹಾಂತೇಶನನ್ನು ನೋಡಿದ, ಅವನ ಹೆಗಲ ಮೇಲೆ ಮತ್ತೆ ಇಟ್ಟಿದ್ದ ಕೈಯನ್ನು ತೆಗೆದುಕೊಂಡ. ಚೌಡಪ್ಪ ಹೇಳಿಕೆಯ ಹಾಳೆ ಬಿಚ್ಚಿ, ಸಹಿಯ ಮೇಲಿನ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿ, ಮೆಲ್ಲಗೆ ಕೇಳಿದ: “ಗಾಜು ಬೆಚ್ಚಗಿತ್ತು ಅಂದ್ರೆಲ್ಲ?”